ಹನ್ನೊಂದು ಮಂದಿಗೂ ಒಂದೇ ದಿನ

ಡಾಬಕಾ ಹಳ್ಳಿಯ ನಮ್ಮ ಮನೆಯಲ್ಲಿ ಹುಳ ಕಚ್ಚಿಸಿಕೊಂಡು ಅಳುತ್ತ ಬಂದ ಮಗುವನ್ನು ಯಾರೂ ಬೈಯುತ್ತಿರಲಿಲ್ಲ. ಬಿದ್ದು ಮೊಣಕಾಲು ಒಡೆದುಕೊಂಡರೆ ಬೈಗುಳ, ಅಂಗಿ ಹರಿದುಕೊಂಡರೆ ಬೈಗುಳ, ಪಾಟಿ ಒಡೆದರಂತೂ ಬೆನ್ನ ಮೇಲೆ ಎರಡು ಏಟು. ಆದರೆ ಕಡಜ ಕಚ್ಚಿದರೆ, ಕೆಂಪಿರುವೆ ಕಚ್ಚಿದರೆ, ಎಮ್ಮೆಯ ಮೈಯಿಂದ ಉಣ್ಣೆ ಹತ್ತಿಕೊಂಡರೆ ಬೈಗುಳವೆಲ್ಲ ಆ ಹುಳದ ಪಾಲಿಗೆ. ಇದು ಆಯಿ ಮಾಡಿದ ಕಾನೂನು. ಆಯಿ ಅಂದರೆ ನನ್ನ ಅಪ್ಪನ ತಾಯಿ. ಯಾರು ಅಳುತ್ತ ಬಂದರೂ ಅವಳು ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು ಬೆಳಕಿರುವ ಹೊಸ್ತಿಲ ಬಳಿ ಬಂದು ಕೂರುತ್ತಿದ್ದಳು, ಕಚ್ಚಿದ ಕೈಯನ್ನೋ ಕಾಲನ್ನೋ ತನ್ನ ಮಡಿಲಿಗೆ ಎಳೆದುಕೊಳ್ಳುತ್ತಿದ್ದಳು.

"ಯಾವುದದು ಸುಡುಗಾಡು ಹುಳ, ನನ್ನ ಕೂಸಿಗಿ ಕಚ್ಚಿದ್ದು? ಅದರ ಹಲ್ಲ ಮುರೀಲಿ! ತೋರ್ಸು, ಎಲ್ಲಿ ಕಚ್ಯಾದ ತೋರ್ಸು."

ಹುಳಕ್ಕೆ ಹಲ್ಲು ಎಲ್ಲಿರುತ್ತದೆ ಎಂದು ಯೋಚಿಸುವಷ್ಟರಲ್ಲಿ ನಮ್ಮ ಅಳು ಅರ್ಧ ನಿಂತಿರುತ್ತಿತ್ತು. ಜೇನು ಕಚ್ಚಿದ್ದರೆ ಮೊದಲು ಉಗುರಿನಿಂದ ಮುಳ್ಳನ್ನು ಕೆರೆದು ತೆಗೆದು ಒದ್ದೆ ಬಟ್ಟೆ ಇಡುತ್ತಿದ್ದಳು. ಕಡಜಕ್ಕೆ ಉಳ್ಳಾಗಡ್ಡಿಯ ಹೋಳು, ಇರುವೆಗೆ ಮಜ್ಜಿಗೆ, ಉಣ್ಣೆಗೆ ಕುಸುಬೆ ಎಣ್ಣೆಯ ಒಂದು ಹನಿ. ತಗಣಿ ಕಚ್ಚಿದ ದದ್ದಿಗೆ ಬೇವಿನೆಲೆ ಅರೆದ ಹಸಿರು ಲೇಪ, ತಗಣಿ ಅಡಗಿದ್ದ ಹಗ್ಗದ ಹೊರಸಿಗೆ ಮರುದಿನ ಬಿಸಿಲು ಮತ್ತು ಕುದಿಯುವ ನೀರು. ಮುಂದೆ ನಾನು ನರ್ಸ್ ಆಗಿ ಔರಾದ, ಭಾಲ್ಕಿ, ಕೊನೆಗೆ ಬೀದರಿನಲ್ಲಿ ಮಕ್ಕಳ ವಾರ್ಡುಗಳಲ್ಲೇ ಹೆಚ್ಚಿನ ಆಯುಷ್ಯ ಕಳೆದೆ. ಆಯಿಯ ಔಷಧಗಳಲ್ಲಿ ಅರ್ಧ ಸರಿ, ಅರ್ಧ ತಪ್ಪು ಎಂದು ಆಗ ಗೊತ್ತಾಯಿತು. ಉಣ್ಣೆಗೆ ಎಣ್ಣೆ ಹಾಕಬಾರದು, ಚಿಮಟದಲ್ಲಿ ಚರ್ಮಕ್ಕೆ ತಾಗಿ ಹಿಡಿದು ನೇರ ಎಳೆಯಬೇಕು ಎಂದು ಎಷ್ಟೋ ತಾಯಂದಿರಿಗೆ ನಾನೇ ಹೇಳಿಕೊಟ್ಟಿದ್ದೇನೆ. ಆದರೆ ಬೇರೆಲ್ಲ ಬಿಟ್ಟು ಕೂತು, ಬೆಳಕಿನಲ್ಲಿ ಹಿಡಿದು, ಕಚ್ಚಿದ ಜಾಗವನ್ನೇ ನೋಡುವ ಆ ನೋಟ ಇತ್ತಲ್ಲ, ಅದನ್ನು ಯಾವ ತರಬೇತಿಯಲ್ಲೂ ನನಗೆ ಯಾರೂ ಕಲಿಸಲಿಲ್ಲ. ಅದು ಹೊಸ್ತಿಲ ಬಳಿ ಕಲಿತದ್ದು.

ಮನೆಗೆ ಕಲ್ಲು ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಒಳಗೆ ಬಂದೊಡನೆ ದನಗಳ ಜಾಗ, ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಆಚೆ ಅಡುಗೆಮನೆ, ಪಕ್ಕದಲ್ಲಿ ಮುತ್ಯಾ ಲಿಂಗಪೂಜೆಗೆ ಕೂರುತ್ತಿದ್ದ ಸಣ್ಣ ಖೋಲಿ. ಮುತ್ಯಾ ಅಂದರೆ ಅಜ್ಜ. ಒಟ್ಟು ಹನ್ನೊಂದು ಮಂದಿ ಇದ್ದೆವು: ಮುತ್ಯಾ, ಆಯಿ, ಅಪ್ಪ, ಅವ್ವ, ಅಪ್ಪನ ತಮ್ಮ ಕಾಕಾ, ಅವನ ಹೆಂಡತಿ ಕಾಕು, ನಾನು, ನಾಲ್ಕು ವರ್ಷದ ನನ್ನ ತಮ್ಮ ಬಸು, ಕಾಕುವಿನ ಇಬ್ಬರು ಹೆಣ್ಣುಮಕ್ಕಳು ಮತ್ತು ಅವಳ ಕೈಗೂಸು. ಅಪ್ಪ ಭಾಲ್ಕಿಯ ಒಂದು ದಾಲ್ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಶನಿವಾರ ಬಂದು ಸೋಮವಾರ ಹೋಗುತ್ತಿದ್ದ. ಹೊಲ ನೋಡಿಕೊಳ್ಳುತ್ತಿದ್ದವರು ಮುತ್ಯಾ ಮತ್ತು ಕಾಕಾ. ಮನೆ ಮಾತ್ರ ಆಯಿಯದು.

ಮಕ್ಕಳ ಹಾಸಿಗೆಯೂ ಆಯಿಯದೇ. ನಾವು ನಾಲ್ವರು ದೊಡ್ಡ ಮಕ್ಕಳು ಅವಳ ಎರಡೂ ಪಕ್ಕದಲ್ಲಿ ಒಂದೇ ಕೌದಿ ಹೊದ್ದು ಮಲಗುತ್ತಿದ್ದೆವು. ಹಳೆ ಸೀರೆಗಳ ತುಂಡು ಕೂಡಿಸಿ ಅವಳೇ ಹೊಲಿದ ಕೌದಿ ಅದು, ಪಡಸಾಲೆಯ ಅರ್ಧದಷ್ಟು ಅಗಲ. ಯಾವ ತುಂಡು ಯಾರ ಮದುವೆಯ ಸೀರೆ, ಯಾವುದು ಅಪ್ಪನ ತೊಟ್ಟಿಲಿಗೆ ಹಾಸಿದ್ದು, ಎಲ್ಲ ಅವಳಿಗೆ ನೆನಪಿತ್ತು. ಬಸು ಅವಳ ಹೊಟ್ಟೆಗೆ ಬೆನ್ನು ಕೊಟ್ಟು, ಅವಳ ಕೈಯನ್ನು ತನ್ನ ಎದೆಯ ಮೇಲೆ ಎಳೆದುಕೊಂಡ ಮೇಲೆಯೇ ಕಣ್ಣು ಮುಚ್ಚುತ್ತಿದ್ದ.

ನಾನು ಐದನೆಯ ಇಯತ್ತೆಯಲ್ಲಿದ್ದ ವರ್ಷ ಆಯಿ ಒಂದು ತಿಂಗಳು ಭಾಲ್ಕಿಗೆ ಹೋಗಿದ್ದಳು. ಅವಳ ತಂಗಿಯ ಮನೆಯಲ್ಲಿ ಬಾಣಂತನ. ಅವಳು ಬರುವ ಹೊತ್ತಿಗೆ ಮಳೆ ಹಿಡಿದಿತ್ತು, ಬಟ್ಟೆ ಒಣಗುತ್ತಿರಲಿಲ್ಲ, ಪಂಚಮಿಗೆಂದು ತವರಿಗೆ ಹೋಗಿದ್ದ ಕಾಕು ಮತ್ತು ಮಕ್ಕಳು ಕೂಡ ಆಗಷ್ಟೇ ಮರಳಿದ್ದರು. ಶ್ರಾವಣ ಮುಗಿಯುವ ಹೊತ್ತಿಗೆ ಬಸು ಬೆರಳ ಸಂದಿ ಕೆರೆದುಕೊಳ್ಳತೊಡಗಿದ. ಆಮೇಲೆ ನಾನು. ಆಮೇಲೆ ಕಾಕುವಿನ ಹುಡುಗಿಯರು. ಹಗಲು ಹೇಗೋ ಕಳೆಯುತ್ತಿತ್ತು, ಕೌದಿಯೊಳಗೆ ಮೈ ಬೆಚ್ಚಗಾದ ಕೂಡಲೇ ತುರಿಕೆ ಏರುತ್ತಿತ್ತು. ಹೊಟ್ಟೆಯ ಮೇಲೆ, ತೊಡೆಯ ಸಂದಿಯಲ್ಲಿ, ಕಂಕುಳಲ್ಲಿ ಸಣ್ಣ ಸಣ್ಣ ಗುಳ್ಳೆ. ಆಯಿ ನಮ್ಮನ್ನು ಒಬ್ಬೊಬ್ಬರನ್ನಾಗಿ ಹೊಸ್ತಿಲಿಗೆ ಕರೆದು ನೋಡಿದಳು.

"ಇದು ಆಡಿನ ಮೈಮ್ಯಾಗಿನ ಚಿಗಟ. ಬ್ಯಾರೆ ಏನೂ ಅಲ್ಲ."

ಪಾಪದ ಆಡನ್ನು ಹಿತ್ತಲಿನ ತುದಿಗೆ ಕಟ್ಟಿದ್ದಾಯಿತು. ಪಡಸಾಲೆ ಸಾರಿಸಿ ಬೇವಿನ ಸೊಪ್ಪು ಹರಡಿದ್ದಾಯಿತು. ದಿನವೂ ಬೇವಿನ ನೀರಿನ ಸ್ನಾನ, ಮೈಗೆಲ್ಲ ಅರಿಶಿನ, ಅದರ ಮೇಲೆ ಹೊಂಗೆ ಎಣ್ಣೆ. ಹಳದಿ ಬಣ್ಣದ ನಾಲ್ಕು ಮಕ್ಕಳು ಅಂಗಳದಲ್ಲಿ ಸಾಲಾಗಿ ಕೂತು ಒಣಗುವುದನ್ನು ನೋಡಿ ಮುತ್ಯಾ ನಗುತ್ತಿದ್ದ. ಎರಡು ವಾರ ಕಳೆದರೂ ತುರಿಕೆ ಹೋಗಲಿಲ್ಲ. ಕೆರೆದ ಕಡೆ ಕೀವು ತುಂಬಿತು. ಬಸುವಿನ ಕೈ ಹಿಡಿದರೆ ಅವನು ಚೀರುತ್ತಿದ್ದ. ಒಂದು ಬೆಳಿಗ್ಗೆ ಆಯಿ ರೊಟ್ಟಿ ಬಡಿಯುತ್ತಿದ್ದಾಗ ಅವ್ವ ಒಲೆಯ ಮುಂದೆ ಮೆಲ್ಲಗೆ ಮಾತು ತೆಗೆದಳು.

"ಅತ್ತಿ, ಇದು ಹುರಕು ಇದ್ದಂಗ ಕಾಣಸ್ತದ್ರಿ. ಔರಾದ ದವಾಖಾನಿಗಿ ತೋರಿಸಿಕೊಂಡು ಬರ್ತೇನಿ."

ಹುರಕು ಅಂದರೆ ಕಜ್ಜಿ. ಆಯಿಯ ಕೈ ಹಿಟ್ಟಿನ ಮೇಲೆ ನಿಂತಿತು.

"ಹುರಕು ಅಂದ್ರ ಏನು, ಗೊತ್ತದನ ನಿನಗ? ಮೈ ತೊಳೀಲಾರದ ಮಂದಿಗಿ ಬರೂದದು. ನಮ್ಮ ಮನ್ಯಾಗ ದಿನಾ ಎರಡು ಹಂಡೆ ನೀರು ಕಾಯ್ತಾವ. ದವಾಖಾನ್ಯಾಗ ಊರ ಮಂದಿ ನೋಡಿದ್ರ ಏನಂದಾರು? ಆ ಮಾತು ಇನ್ನೊಮ್ಮೆ ಎತ್ತಬ್ಯಾಡ."

ಅವ್ವ ಎತ್ತಲಿಲ್ಲ. ಆದರೆ ಆ ಮಾತು ಮನೆಯೊಳಗೆ ಬಂದು ಕೂತುಬಿಟ್ಟಿತ್ತು. ಹುರಕು ಹೌದೋ ಅಲ್ಲವೋ ಎಂಬುದು ಹಿಂದೆ ಸರಿದು, ತಂದವರು ಯಾರು ಎಂಬುದು ಮುಂದೆ ಬಂತು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಂದು ದಿನ ಕಾಕು ಶುರು ಮಾಡಿದಳು.

"ಅಕ್ಕಾ, ನಿಮ್ಮ ಗಂಗಿ ಸಾಲಿಯಿಂದ ತಂದಿರಬೇಕು ನೋಡ್ರಿ. ನನ್ನ ಮಕ್ಕಳಿಗಿ ಮೊದಲ ಏನೂ ಇದ್ದಿಲ್ಲ."

"ನಿನ್ನ ಮಕ್ಕಳು ಪಂಚಮಿಗಿ ತವರಿಗಿ ಹೋಗಿ ಬಂದ ಮ್ಯಾಲೇ ಶುರು ಆಗ್ಯಾದ. ನನ್ನ ಮಗಳ ಹೆಸರು ಯಾಕ ತೆಗೀತಿ?"

ಗಂಗಿ ಅಂದರೆ ನಾನೇ. ಒದ್ದೆ ಬಟ್ಟೆಯ ಬುಟ್ಟಿ ಹಿಡಿದು ಅಲ್ಲೇ ನಿಂತಿದ್ದೆ. ಅದುವರೆಗೆ ಅವರಿಬ್ಬರೂ ಗಟ್ಟಿ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಂದೇ ಸಂಜೆ ಕಾಕು ತನ್ನ ಹುಡುಗಿಯರ ಹಾಸಿಗೆಯನ್ನು ಪಡಸಾಲೆಯ ಇನ್ನೊಂದು ಮೂಲೆಗೆ ಒಯ್ದಳು. ಅವರ ತಂಬಿಗೆ ಬೇರೆಯಾಯಿತು, ಟವೆಲ್ ಬೇರೆಯಾಯಿತು, ಊಟದ ಸಾಲಿನಲ್ಲಿ ನಡುವೆ ಒಂದು ಮೊಳ ಜಾಗ ಬಿತ್ತು. ನನ್ನ ಜೊತೆ ದಿನವೂ ಕುಂಟಾಬಿಲ್ಲೆ ಆಡುತ್ತಿದ್ದ ಹುಡುಗಿಯರು ದೂರ ನಿಂತು ನನ್ನ ಕೈಗಳನ್ನೇ ನೋಡುತ್ತಿದ್ದರು. ಅವರ ಕೈಯಲ್ಲೂ ಅವೇ ಗುಳ್ಳೆಗಳು ಇದ್ದವು. ಆದರೂ ನಾನೇನೋ ತಪ್ಪು ಮಾಡಿದ್ದೇನೆ ಎಂದು ಅನಿಸುತ್ತಿತ್ತು. ಕೌದಿಯ ಕೆಳಗೆ ಈಗ ಆಯಿ, ಬಸು ಮತ್ತು ನಾನು, ಮೂವರೇ. ಅಷ್ಟು ಅಗಲದ ಕೌದಿಯಲ್ಲಿ ಮೂವರು ಮಲಗಿದರೆ ಪಕ್ಕದಲ್ಲೆಲ್ಲ ಗಾಳಿ ನುಗ್ಗುತ್ತದೆ ಎಂದು ಆಗಲೇ ನನಗೆ ಗೊತ್ತಾದದ್ದು.

ಹಾಗೆ ಒಂದು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಬಸು ಎದ್ದು ಕೂತಾಗ ಅವನ ಮುಖ ಅವನದಾಗಿರಲಿಲ್ಲ. ಕಣ್ಣುಗಳು ಎರಡು ಗೆರೆಯಾಗಿದ್ದವು, ಕೆನ್ನೆ ಊದಿ ಹೊಳೆಯುತ್ತಿತ್ತು. ಅವ್ವ ಅವನನ್ನು ಹಿತ್ತಲಿಗೆ ಕರೆದೊಯ್ದಳು. ಮೂತ್ರ ಹಾಲಿಲ್ಲದ ಚಹದ ಬಣ್ಣದಲ್ಲಿ ಸ್ವಲ್ಪವೇ ಬಂತು. ಆಯಿ ಆಗಲೇ ಅರಿಶಿನ ತೇಯುತ್ತಿದ್ದಳು.

"ಮಲಗಿದಾಗ ಮುಖಕ್ಕ ಕಡಜ ಕಚ್ಯಾದ. ಇದು ಹಚ್ಚಿದ್ರ ಮಧ್ಯಾಹ್ನಕ್ಕ ಇಳೀತದ."

"ಅತ್ತಿ, ಕಡಜ ಕಚ್ಚಿದ್ರ ಕೂಸು ಚೀರ್ತಿತ್ತಲ್ಲರಿ. ಇಂವ ಒಂದ ಸಲಾನೂ ಅಳಲಿಲ್ಲ."

ಅವ್ವ ಬಸುವನ್ನು ತನ್ನ ಹತ್ತಿರ ಎಳೆದುಕೊಂಡಳು.

"ನಾ ಇವನಿಗಿ ದವಾಖಾನಿಗಿ ಒಯ್ಯಲತೀನ್ರಿ. ನೀವು ಹೂಂ ಅಂದ್ರೂ ಒಯ್ತೇನಿ, ಬ್ಯಾಡ ಅಂದ್ರೂ ಒಯ್ತೇನಿ."

ಆಯಿ ತೇಯುವುದನ್ನು ನಿಲ್ಲಿಸಿದಳು. ಪೂಜೆಯ ಖೋಲಿಯ ಬಾಗಿಲಲ್ಲಿ ಹಣೆಗೆ ವಿಭೂತಿ ಹಚ್ಚಿಕೊಂಡು ನಿಂತಿದ್ದ ಮುತ್ಯಾ ಒಂದೇ ಮಾತು ಹೇಳಿದ: "ಜಲ್ದಿ ಹೋಗವ್ವ, ಬಸ್ ತಪ್ತದ." ಅವ್ವ ಬಸುವನ್ನು ಹೆಗಲಿಗೆ ಹಾಕಿಕೊಂಡಳು, ನಾನು ಬಟ್ಟೆಯ ಚೀಲ ಹಿಡಿದು ಹಿಂದೆ ಓಡಿದೆ. ಔರಾದಿನ ಡಾಕ್ಟರು ಬಸುವಿನ ಮುಖ ನೋಡಿದವರೇ ಕೂರಲೂ ಬಿಡದೆ ಬೀದರಿನ ದೊಡ್ಡ ದವಾಖಾನೆಗೆ ಚೀಟಿ ಬರೆದುಕೊಟ್ಟರು. ದಾರಿಯುದ್ದಕ್ಕೂ ಅವ್ವ ಬಸುವಿನ ಉಸಿರು ಎಣಿಸುವವಳಂತೆ ಅವನ ಎದೆಯ ಮೇಲೆ ಕೈಯಿಟ್ಟು ಕೂತಿದ್ದಳು.

ಬೀದರಿನ ಮಕ್ಕಳ ವಾರ್ಡಿನಲ್ಲಿ ವಯಸ್ಸಾದ ಡಾಕ್ಟರೊಬ್ಬರು ಬಸುವಿನ ಕಾಲನ್ನು ಬೆರಳಿನಿಂದ ಒತ್ತಿ ನೋಡಿದರು. ಒತ್ತಿದ ಕಡೆ ಕುಳಿ ಬಿದ್ದು ಹಾಗೇ ಉಳಿಯಿತು. ಆಮೇಲೆ ಅವನ ಬೆರಳ ಸಂದಿ ಬಿಡಿಸಿ ನೋಡಿದರು.

"ಇದು ಹುರಕೇ ಅದ. ಕೆರದು ಕೆರದು ಕೀವು ಆಗ್ಯಾದ, ಆ ಕೀವಿನಿಂದ ಕಿಡ್ನಿಗಿ ಬಾವು ಬಂದದ. ಉಪ್ಪು ಪೂರಾ ಬಂದ್. ಇಲ್ಲೇ ಇರಬೇಕು."

"ನನ್ನ ಕೂಸು ಉಳೀತದೇನ್ರಿ ಸಾಹೇಬ್ರ?"

"ಇವತ್ತು ತಂದಿದ್ದು ಛಲೋ ಆಯ್ತು, ಬಾಯಿ. ಎರಡು ದಿನ ಹೋಗಲಿ, ಹೇಳ್ತೇನಿ."

ಆ ಎರಡು ದಿನ ಅವ್ವ ಏನನ್ನೂ ತಿನ್ನಲಿಲ್ಲ. ಬಸುವಿಗೆ ಕೊಡುವ ಉಪ್ಪಿಲ್ಲದ ಗಂಜಿಯಲ್ಲಿ ಮಿಕ್ಕದ್ದನ್ನು ಬಟ್ಟಲ ತಳದಿಂದ ನೆಕ್ಕುತ್ತಿದ್ದಳು, ಅಷ್ಟೇ. ಸುದ್ದಿ ತಿಳಿದು ಭಾಲ್ಕಿಯಿಂದ ಅಪ್ಪ ಮೈಮೇಲೆ ಬೇಳೆಯ ಧೂಳು ಇದ್ದಂತೆಯೇ ಬಂದ. ಬಂದವನು ಮಂಚದ ಕಾಲು ಹಿಡಿದು ನಿಂತ. ಮೂರನೆಯ ಬೆಳಿಗ್ಗೆ ಬಸು ಡಬ್ಬಿಯ ತುಂಬ ಮೂತ್ರ ಮಾಡಿದ. ಅದನ್ನು ನೋಡಿ ಹಿಗ್ಗಿದ ಅವ್ವ ಆ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ವಾರ್ಡಿನ ಇನ್ನೊಂದು ತುದಿಯಲ್ಲಿದ್ದ ಸಿಸ್ಟರ್ ಮೇಜಿನವರೆಗೂ ಹೋದಳು. ಪಕ್ಕದ ಮಂಚದ ತಾಯಂದಿರೆಲ್ಲ ನಕ್ಕರು, ಅವ್ವನೂ ನಕ್ಕಳು. ಆ ನಗು ಈಗಲೂ ನನ್ನ ಕಿವಿಯಲ್ಲಿದೆ.

ಆ ಮೇಜಿನಲ್ಲಿದ್ದವರು ಶಕುಂತಲಾ ಸಿಸ್ಟರ್, ಬಗದಲ ಊರಿನವರು. ಬಸುವಿಗೆ ಇಂಜೆಕ್ಷನ್ ಕೊಟ್ಟು ತಿರುಗಿದಾಗ ನಾನು ಬೆನ್ನ ಹಿಂದೆ ಕೈ ಅಡಗಿಸಿಕೊಂಡಿದ್ದನ್ನು ನೋಡಿದರು.

"ಬಾ ಇಲ್ಲಿ. ಕೈ ತೋರ್ಸು. ಹೆದರಬ್ಯಾಡ, ನಾ ಬೈಯಲ್ಲ."

ಕಿಟಕಿಯ ಬೆಳಕಿಗೆ ನನ್ನ ಕೈ ಹಿಡಿದು, ಬೆರಳ ಸಂದಿಯಲ್ಲಿ ಪೆನ್ಸಿಲ್ಲಿನಿಂದ ಎಳೆದಂತಿದ್ದ ಒಂದು ಸಣ್ಣ ಗೆರೆಯನ್ನು ತೋರಿಸಿದರು. ಸೂಜಿಯ ತುದಿಯಿಂದ ಆ ಗೆರೆಯ ಕೊನೆಯನ್ನು ನೋವಾಗದಂತೆ ಕೆದಕಿ, ಸೂಜಿಯನ್ನು ನನ್ನ ಕಣ್ಣ ಹತ್ತಿರ ತಂದರು. ತುದಿಯಲ್ಲಿ ರವೆಯ ಕಾಳಿಗಿಂತ ಸಣ್ಣ ಬಿಳಿ ಚುಕ್ಕೆ. ಅದು ಸರಿದಾಡಿತು.

"ಇದೇ ನೋಡು ನಿನ್ನ ವೈರಿ. ಇದು ಬರೇ ಕಡದು ಹೋಗಂಥದ್ದಲ್ಲ, ಚರ್ಮದಾಗ ಮನಿ ಮಾಡಿಕೊಂಡು ಮಕ್ಕಳು ಮರಿ ಹಡೀತದ. ದಿನಾ ಜಳಕಾ ಮಾಡೋರಿಗೂ ಬರ್ತದ, ಸಾಹೇಬರ ಮನಿಗೂ ಬರ್ತದ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗಿ, ಒಂದ ಹಾಸಿಗಿಯಿಂದ ಎಲ್ಲಾರಿಗಿ. ನಿಮ್ಮ ಮನ್ಯಾಗ ಎಷ್ಟು ಮಂದಿ ಇದ್ದೀರಿ?"

"ಹನ್ನೊಂದು ಮಂದಿರಿ."

ಮುಂದಿನ ಮಾತನ್ನು ಅವರು ಅವ್ವನಿಗೂ ಅಪ್ಪನಿಗೂ ಕೇಳುವಂತೆ, ಆದರೆ ನನ್ನ ಮುಖ ನೋಡಿಯೇ ಹೇಳಿದರು. ಹಾಲಿನಂಥ ಬಿಳಿ ಔಷಧ, ಕುತ್ತಿಗೆಯಿಂದ ಅಂಗಾಲಿನವರೆಗೆ ಒಂದು ಬೆರಳಗಲವೂ ಬಿಡದಂತೆ ಹಚ್ಚಬೇಕು, ಮೂರು ಸಂಜೆ. ಸಣ್ಣ ಮಕ್ಕಳಿಗೆ ನೀರು ಬೆರೆಸಿ ತೆಳ್ಳಗೆ ಮಾಡಬೇಕು, ಕೈಗೂಸಿಗೆ ಎಷ್ಟು ತೆಳ್ಳಗೆ ಎಂದು ಬಾಟಲಿಯ ಮೇಲೆ ಗೆರೆ ಎಳೆದುಕೊಟ್ಟರು. ತುರಿಕೆ ಇರಲಿ ಬಿಡಲಿ, ಹನ್ನೊಂದು ಮಂದಿಗೂ ಒಂದೇ ದಿನ. ದವಾಖಾನೆಯಲ್ಲೇ ಉಳಿಯುವ ಬಸುವಿಗೂ ಅವ್ವನಿಗೂ ಅದೇ ದಿನ ಸಿಸ್ಟರೇ ಹಚ್ಚುತ್ತಾರೆ. ಮೈಮೇಲಿನ ಬಟ್ಟೆ ಕುದಿಸಬೇಕು, ಹೊದಿಕೆಗಳನ್ನು ವಾರಗಟ್ಟಲೆ ಬಿಸಿಲಿಗೆ ಹಾಕಿ ಮುಟ್ಟದೆ ಬಿಡಬೇಕು. ಹುಳ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಇರುತ್ತದೆ, ಹೆದರಬಾರದು.

"ಇನ್ನೊಂದು ಮಾತು. ಯಾರಿಂದ ಬಂತು ಅಂತ ಕೇಳಬ್ಯಾಡ್ರಿ. ಕೇಳಿದ್ರ ಯಾರರೆ ಒಬ್ಬರು ಮುಚ್ಚಿಡ್ತಾರ. ಮುಚ್ಚಿಟ್ಟವರ ಕೈಯಿಂದ ಮತ್ತ ಎಲ್ಲಾರಿಗಿ ಬರ್ತದ."

ಬಸುವಿನ ಜೊತೆ ಅವ್ವ ಉಳಿದಳು. ಅಪ್ಪ ಮತ್ತು ನಾನು ಔಷಧದ ಬಾಟಲಿಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಹಳ್ಳಿಗೆ ಹೊರಟೆವು. ಹೊರಡುವಾಗ ಅವ್ವ ನನ್ನ ಜಡೆ ಬಿಗಿಮಾಡುತ್ತ ಕಿವಿಯಲ್ಲಿ ಹೇಳಿದಳು, "ಆಯಿ ಕೂಡ ಜಗಳಾ ಮಾಡಬ್ಯಾಡ. ಆಕಿ ಮನಸ ಮುರೀಬಾರದು."

ಆಯಿ ಊರಮುಂದಿನ ರಸ್ತೆಯಲ್ಲೇ ಕಾಯುತ್ತಿದ್ದಳು. ನಾವು ಬಸ್ಸಿನಿಂದ ಇಳಿಯುವ ಮೊದಲೇ ಕೂಗಿ ಕೇಳಿದಳು, "ಕಣ್ಣ ತೆರದಾನ?" ತೆರೆದಿದ್ದಾನೆ, ಊತ ಇಳಿಯುತ್ತಿದೆ ಎಂದು ಅಪ್ಪ ಹೇಳಿದ ಮೇಲೆ ಅಲ್ಲೇ ಮೈಲುಗಲ್ಲಿನ ಮೇಲೆ ಕೂತುಬಿಟ್ಟಳು. ಆದರೆ ಮನೆಗೆ ಬಂದು ಅಪ್ಪ ಹುರಕಿನ ಮಾತು ಎತ್ತಿದ್ದೇ ಅವಳ ಮುಖ ಬಿಗಿಯಿತು. ಅಪ್ಪ ತಿಳಿಹೇಳಿದ, ಆಮೇಲೆ ದನಿ ಏರಿಸಿದ. ಆಯಿ ಸೆರಗಿನಲ್ಲಿ ಎರಡೂ ಕೈ ಸುತ್ತಿಕೊಂಡು ಗೋಡೆ ನೋಡುತ್ತ ಕೂತಳು.

"ಮಕ್ಕಳಿಗಿ ಹಚ್ರಿ, ನಾ ಬ್ಯಾಡ ಅನ್ನಲ್ಲ. ನನಗೇನಾಗ್ಯಾದ? ಲಿಂಗ ಇರೂ ಮೈಗಿ ಆ ನಾತದ ದವಾ ನಾ ಹಚ್ಚಿಕೊಳ್ಳಲ್ಲ."

ಅಪ್ಪ ಸೋತು ಅಂಗಳಕ್ಕೆ ಹೋದ. ನಾನು ಉಳಿದೆ. ಅವಳು ಹಿತ್ತಲಿಗೆ ಎದ್ದು ಹೋದಾಗ ಹಿಂದೆ ಹೋದೆ. ಬಚ್ಚಲ ಕಲ್ಲಿನ ಮೇಲೆ ಕೂತು ಅವಳು ತನ್ನ ಮಣಿಕಟ್ಟನ್ನು ಕಲ್ಲಿನ ಅಂಚಿಗೆ ತಿಕ್ಕುತ್ತಿದ್ದಳು. ನನ್ನನ್ನು ನೋಡಿದ ಕೂಡಲೇ ಕೈ ಸೆರಗಿನೊಳಗೆ ಹೋಯಿತು. ಎಷ್ಟೋ ದಿನಗಳಿಂದ ಅವಳ ಕೈ ಹೀಗೆ ಸೆರಗಿನೊಳಗೇ ಇರುತ್ತಿತ್ತು ಎಂದು ನನಗೆ ಆ ಕ್ಷಣ ಹೊಳೆಯಿತು. ನಾನು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತೆ.

"ಆಯಿ, ಕೈ ತೋರ್ಸು."

"ಏನಿಲ್ಲ ಹೋಗು."

"ತೋರ್ಸು. ನಾ ಬೈಯಲ್ಲ."

ಅವಳು ಸೆರಗಿನಿಂದ ಕೈ ಹೊರಗೆ ತೆಗೆದಳು. ಆಮೇಲೆ ಹಸಿರು ಗಾಜಿನ ಬಳೆಗಳನ್ನು ಮೊಣಕೈಯತ್ತ ಸರಿಸಿದಳು. ಬಳೆಗಳು ಇರುತ್ತಿದ್ದ ಜಾಗದಲ್ಲಿ ಮಣಿಕಟ್ಟಿನ ಸುತ್ತ ಕಡುಗೆಂಪು ಗಾಯಗಳು, ಕೆಲವು ಒಣಗಿದ್ದವು, ಕೆಲವು ಹಸಿಯಾಗಿದ್ದವು. ಬೆರಳ ಸಂದಿಯಲ್ಲಿ ನಾನು ಹೊಸದಾಗಿ ಗುರುತಿಸಲು ಕಲಿತಿದ್ದ ಅವೇ ಗೆರೆಗಳು.

"ಭಾಲ್ಕ್ಯಾಗ ಇದ್ದಾಗಿಂದ ಅದ. ಅಲ್ಲಿ ಬಾಣಂತಿಗೂ ಇತ್ತು. ಹೋಗ್ತದ ಅಂತ ಸುಮ್ಮನಿದ್ದೆ. ಮಂದಿ ಮುಂದ ಕೆರಕೊಂಡಿಲ್ಲ." ಆಯಿ ತನ್ನ ಕೈಯನ್ನೇ ತಿರುಗಿಸಿ ನೋಡಿದಳು. "ಬಸ್ಯಾ ಈ ಕೈ ಹಿಡಕೊಂಡೇ ಮಲಗ್ತಿದ್ದ. ನಾನೇ ಹಚ್ಚೀನೇನ ಗಂಗಿ, ನನ್ನ ಕೂಸಿಗಿ?"

ಹುಳಗಳಿಗೆಲ್ಲ ಶಾಪ ಹಾಕುತ್ತಿದ್ದ ಆಯಿ ಅಳುವುದನ್ನು ನಾನು ಅದೇ ಮೊದಲು ನೋಡಿದ್ದು. ಹತ್ತು ವರ್ಷದ ನನಗೆ ಉತ್ತರ ಗೊತ್ತಿತ್ತು. ಹೌದು ಎಂದು ಹೇಳಲು ನಾಲಿಗೆ ಬರಲಿಲ್ಲ, ಇಲ್ಲ ಎಂದರೆ ಅವಳು ನಂಬುತ್ತಿರಲಿಲ್ಲ.

"ಯಾರಿಂದ ಬಂತು ಅಂತ ಕೇಳಬಾರದಂತ ಆಯಿ. ಸಿಸ್ಟರ್ ಹೇಳ್ಯಾರ. ಕೇಳಿದ್ರ ದವಾ ಕೆಲಸಾನೇ ಮಾಡಲ್ಲಂತ."

ಕೊನೆಯ ಮಾತು ಸಿಸ್ಟರ್ ಹೇಳಿರಲಿಲ್ಲ. ಅದನ್ನು ಸೇರಿಸಿದ್ದು ನಾನು. ಮುಂದೆ ನನ್ನ ಕೆಲಸದಲ್ಲಿ ಎಷ್ಟೋ ಮನೆಗಳಲ್ಲಿ, ಎಷ್ಟೋ ಅತ್ತೆ ಸೊಸೆಯರ ಮುಂದೆ ಆ ಸುಳ್ಳನ್ನು ಹೀಗೇ ಹೇಳಿದ್ದೇನೆ. ಒಮ್ಮೆಯೂ ಅದು ಕೆಟ್ಟದ್ದು ಮಾಡಲಿಲ್ಲ. ಆಯಿ ಸೆರಗಿನಿಂದ ಮುಖ ಒರೆಸಿಕೊಂಡು, ಬಳೆ ಕೆಳಗೆ ಸರಿಸದೆ, ಹಾಗೇ ಎದ್ದು ಪಡಸಾಲೆಗೆ ಬಂದಳು. ಎಲ್ಲರಿಗೂ ಕಾಣುವಂತೆ ಕೈ ಎತ್ತಿ ನಿಂತಳು.

"ಕೇಳ್ರಿ ಎಲ್ಲಾರೂ. ಮನಿಗಿ ಹುರಕು ಬಂದದ. ನನಗ ಎಲ್ಲಾರಕಿಂತ ಮೊದಲ ಬಂದದ. ಇನ್ನ ಯಾರೂ ಯಾರ ಹೆಸರೂ ತೆಗೀಬ್ಯಾಡ್ರಿ. ಗಂಗಿ ಹ್ಯಾಂಗ ಹೇಳ್ತಾಳ ಹಾಂಗ ಮಾಡ್ರಿ."

ಆಮೇಲೆ ಕಾಕು ತೊಟ್ಟಿಲಿನಿಂದ ಕೂಸನ್ನು ಎತ್ತಿಕೊಂಡು ಬಂದು ಅದರ ಪುಟ್ಟ ಅಂಗೈ ಬಿಡಿಸಿ ತೋರಿಸಿದಳು. ಅಂಗೈ ತುಂಬ ಗುಳ್ಳೆ.

"ಕೂಸಿಗೂ ಅದರಿ ಅತ್ತಿ. ನಾ ಹೇಳಿದ್ದಿಲ್ಲ. ಅಕ್ಕನ ಮ್ಯಾಲ ಹಾಕಿದೆ." ಹೇಳಿ ಅವಳೂ ಅಳತೊಡಗಿದಳು.

ಮೊದಲ ಸಂಜೆಯ ಗದ್ದಲ ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಔಷಧ ಹಚ್ಚಲು ಮನೆಯಲ್ಲಿದ್ದದ್ದು ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಬಳಿಯಲು ತಂದು ಬಳಸದೇ ಉಳಿದಿದ್ದ ಎರಡು ಹೊಸ ಬ್ರಷ್. ಒಂದು ಗಂಡಸರಿಗೆ, ಒಂದು ಹೆಂಗಸರಿಗೆ. ದನಗಳ ಜಾಗಕ್ಕೆ ಅಡ್ಡವಾಗಿ ಧೋತರ ಕಟ್ಟಿ ಅಪ್ಪ ಮತ್ತು ಕಾಕಾ ಒಬ್ಬರಿಗೊಬ್ಬರು ಹಚ್ಚಿಕೊಂಡರು. ಕೆರೆದ ಗಾಯಕ್ಕೆ ಔಷಧ ತಾಗಿದಾಗ ಕಾಕಾ ಕೂಗಿದ ಕೂಗಿಗೆ ಎಮ್ಮೆ ಹಗ್ಗ ಜಗ್ಗಿತು. ಮುತ್ಯಾ ಲಿಂಗವನ್ನು ಬಲಗೈಯಲ್ಲಿ ಹಿಡಿದು, "ಇದು ಮೈ ಬಿಟ್ಟು ಎಲ್ಲೂ ಹೋಗಿಲ್ಲ, ಕೈಯಾಗೇ ಅದ, ನೀವು ಹಚ್ರಿ," ಎಂದು ಕಣ್ಣು ಮುಚ್ಚಿ ಪೂಜೆಗೆ ನಿಂತವನಂತೆ ನಿಂತ. ಅದನ್ನು ಕೇಳಿ ಆಯಿಯೂ ಒಳಗೆ ತನ್ನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಒಳಗಿನ ಬ್ರಷ್ ನನ್ನ ಕೈಯಲ್ಲಿತ್ತು. ಬೆರಳ ಸಂದಿ, ಉಗುರಿನ ಕೆಳಗೆ, ಹೊಕ್ಕುಳ ಸುತ್ತ, ಅಂಗಾಲು, ಒಂದನ್ನೂ ಬಿಡಲಿಲ್ಲ. ಹುಡುಗಿಯರಿಗೆ ಉರಿದಾಗ ಆಯಿ ತನ್ನ ಸೆರಗಿನಿಂದ ಗಾಳಿ ಹಾಕುತ್ತ ಹಳೆಯ ಧಾಟಿಯಲ್ಲಿ ಹುಳಕ್ಕೆ ಬೈದಳು. ಆಮೇಲೆ ಅವಳ ಸರದಿ. ಅವಳ ಬೆನ್ನು ಅಷ್ಟು ಸಣ್ಣದಿತ್ತು ಎಂದು ನನಗೆ ಗೊತ್ತೇ ಇರಲಿಲ್ಲ.

ಮರುದಿನದಿಂದ ಹಂಡೆಯಲ್ಲಿ ಬಟ್ಟೆಗಳು ಕುದಿದವು. ಕೌದಿ ಮಾಳಿಗೆ ಏರಿತು. ನಮ್ಮ ಮಾಳಿಗೆಯ ತುಂಬ ಹರಡಿದ ಹಾಸಿಗೆ ಹೊದಿಕೆ ನೋಡಿ ಪಕ್ಕದ ಮನೆಯಾಕೆ ಗೋಡೆಯ ಮೇಲಿನಿಂದ ಇಣುಕಿ ಏನಾಗಿದೆ ಎಂದು ಕೇಳಿದಳು. ಊರ ಮಂದಿ ಏನೆಂದಾರು ಎಂದು ಹೆದರಿದ್ದ ಆಯಿಯೇ ಓಣಿಗೆಲ್ಲ ಕೇಳುವಂತೆ ಉತ್ತರ ಕೊಟ್ಟಳು.

"ಹುರಕು ಬಂದದ್ರಿ ನಮ್ಮ ಮನಿಗಿ. ನಿಮ್ಮ ಮಕ್ಕಳ ಬೆರಳ ಸಂದಿನೂ ನೋಡಕೋರಿ. ನಮ್ಮ ಗಂಗಿಗಿ ಗೊತ್ತಾಗ್ತದ, ಕಳಸ್ರಿ."

ಆ ವಾರ ಐದಾರು ತಾಯಂದಿರು ಮಕ್ಕಳನ್ನು ಸೆರಗಿನ ಮರೆಯಲ್ಲಿ ಕರೆತಂದರು. ನಾನು ಹೊಸ್ತಿಲ ಬಳಿ ಕೂತು ಕೈ ನೋಡುತ್ತಿದ್ದೆ, ಆಯಿ ಪಕ್ಕದಲ್ಲಿ ಕೂತು ನನ್ನ ಮುಖ ನೋಡುತ್ತಿದ್ದಳು. ಗೆರೆ ಕಂಡವರನ್ನು ಔರಾದ ದವಾಖಾನೆಗೆ ಕಳಿಸುತ್ತಿದ್ದೆವು. ಆಡು ಮರಳಿ ತನ್ನ ಜಾಗಕ್ಕೆ ಬಂತು, ಊಟದ ಸಾಲಿನ ನಡುವಿನ ಮೊಳದ ಜಾಗ ಮುಚ್ಚಿತು. ಆಯಿ ಮಾತ್ರ ತನ್ನ ತಾಟಿಗೆ ಪಲ್ಯ ಹಾಕಿಸಿಕೊಳ್ಳದೆ ಬರೀ ರೊಟ್ಟಿಗೆ ನೀರು ಕಲಸಿ ತಿನ್ನುತ್ತಿದ್ದಳು. ಯಾಕೆಂದು ಕಾಕು ಕೇಳಿದಾಗ, "ಕೂಸು ಅಲ್ಲಿ ಉಪ್ಪಿಲ್ಲದ್ದು ತಿಂತದ," ಎಂದಳು. ಬಸುವಿನ ಹಾಸಿಗೆಯ ಜಾಗದಲ್ಲಿ ಅವಳು ಯಾರನ್ನೂ ಮಲಗಲು ಬಿಡಲಿಲ್ಲ.

ಹದಿನೈದನೆಯ ದಿನವೋ ಹದಿನಾರನೆಯ ದಿನವೋ ಕರೆತರಲು ಹೋಗಿದ್ದ ಅಪ್ಪನ ಜೊತೆ ಅವ್ವ ಮತ್ತು ಬಸು ಬಸ್ಸಿನಿಂದ ಇಳಿದರು. ಬಸುವಿನ ಮುಖ ಮತ್ತೆ ಅವನದಾಗಿತ್ತು, ಕೈಕಾಲು ಮಾತ್ರ ಕಡ್ಡಿಯಂತಾಗಿದ್ದವು. ಕಾಕು ಓಡಿಹೋಗಿ ಅವ್ವನ ಕೈಯಿಂದ ಚೀಲ ಕಸಿದುಕೊಂಡಳು. "ಅಕ್ಕಾ, ತಪ್ಪಾಯ್ತರಿ," ಎಂದಳು. "ಸುಮ್ಮನ ಇರು, ಮೊದಲ ಚಾ ಇಡು ಹೋಗು," ಎಂದು ಅವ್ವ ಅವಳ ಕೆನ್ನೆ ತಟ್ಟಿದಳು. ಆಯಿ ಪಡಸಾಲೆಯ ಮೆಟ್ಟಿಲ ಮೇಲೆ ನಿಂತಿದ್ದಳು. ಬಸು "ಆಯೀ" ಎಂದು ಕೂಗುತ್ತ ಅವಳ ಕಡೆ ಓಡಿದ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಬಸು ಏನೂ ತಿಳಿಯದೆ ಮೆಟ್ಟಿಲ ಕೆಳಗೆ ನಿಂತುಬಿಟ್ಟ. ಆಯಿ ಅವನನ್ನು ನೋಡಲಿಲ್ಲ, ನನ್ನನ್ನು ಹುಡುಕಿದಳು.

"ಗಂಗಿ, ಬಾ ಇಲ್ಲಿ. ನಿನ್ನಿ ಇನ್ನಾ ಜರಾ ತುರಸ್ಲತಿತ್ತು." ಅವಳು ಬಳೆ ಮೇಲೆ ಸರಿಸಿ ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದಳು. "ಸರಿಯಾಗಿ ನೋಡವ್ವ. ಮುಟ್ಟಬಹುದಾ ಇವನಿಗಿ?"

ಮನೆಯವರೆಲ್ಲ ಹತ್ತಿರ ಬಂದು ನಿಂತರು. ಅಪ್ಪನೂ, ಮುತ್ಯಾನೂ. ನಾನು ಅವಳ ಕೈಗಳನ್ನು ಬಾಗಿಲ ಬೆಳಕಿಗೆ ತಿರುಗಿಸಿ ಹಿಡಿದೆ. ಒಂದೊಂದೇ ಬೆರಳು ಬಿಡಿಸಿದೆ, ಮಣಿಕಟ್ಟಿನ ಸುತ್ತ ನೋಡಿದೆ, ಉಗುರಿನ ಬುಡ ನೋಡಿದೆ. ಗಾಯಗಳೆಲ್ಲ ಒಣಗಿ ತಿಳಿ ಬಣ್ಣದ ಕಲೆಗಳಾಗಿದ್ದವು. ಹೊಸ ಗೆರೆ ಒಂದೂ ಇರಲಿಲ್ಲ. ಅವಸರ ಮಾಡಬಾರದು ಎಂದು ಇನ್ನೊಮ್ಮೆ ಮೊದಲಿನಿಂದ ನೋಡಿದೆ.

"ತುರಿಕಿ ಇನ್ನೊಂದು ವಾರ ಇರ್ತದ ಆಯಿ, ಅದಕ್ಕ ಹೆದರಬ್ಯಾಡ. ಹುಳ ಇಲ್ಲ. ಎತ್ತಿಕೋ."

ಆಯಿ ಮೆಟ್ಟಿಲಿಳಿದು ಬಸುವನ್ನು ಎತ್ತಿಕೊಂಡಳು. ಅಂದು ಸಂಜೆಯವರೆಗೆ ಅವನನ್ನು ಕೆಳಗಿಳಿಸಲಿಲ್ಲ.